ಪಾಗಾರ ಕಟ್ಟಿದವರು

ಇವತ್ತು ರಾತ್ರಿಯೊಳಗೆ ಸಂಚಿಕೆ ಮುದ್ರಣಕ್ಕೆ ಹೋಗಬೇಕು. ದೀಪಾವಳಿಯ ಬಗ್ಗೆ ಬರೆಯಲೆಂದು ಕುಳಿತೆ. ಮಗಳ ಒಂದು ಪ್ರಶ್ನೆ ಬಿಡುತ್ತಿಲ್ಲ.

ಕಳೆದ ಭಾನುವಾರ ಟೊರಾಂಟೋದ ಕ್ವೀನ್ ಸ್ಟ್ರೀಟಿನಲ್ಲಿ ನಡೆಯುತ್ತಿದ್ದೆವು. ಅಲ್ಲಿ 1850ರಲ್ಲಿ ತೆರೆದಿದ್ದ ಮಾನಸಿಕ ಆಸ್ಪತ್ರೆಯ ಗುಮ್ಮಟದ ಕಟ್ಟಡವನ್ನು 1970ರ ದಶಕದಲ್ಲಿ ಕೆಡವಿದರು. ಅದರ ವಿಳಾಸದ ನಂಬರು 999 ಎಂದರೆ ಊರೇ ಹೆದರುತ್ತಿದ್ದುದರಿಂದ ನಂಬರನ್ನೂ 1001 ಮಾಡಿದರು. ಅಲ್ಲೀಗ ಹೊಸ ಆಸ್ಪತ್ರೆ. ಹಳೆಯ ಇಟ್ಟಿಗೆಯ ಪಾಗಾರ, ಅಂದರೆ ಸುತ್ತುಗೋಡೆ, ಮಾತ್ರ ಅಲ್ಲಲ್ಲಿ ಉಳಿದಿದೆ. ಕೂಲಿಯಿಲ್ಲದೆ ಅದನ್ನು ಕಟ್ಟಿದವರು ಒಳಗಿದ್ದ ರೋಗಿಗಳೇ. ಇಟ್ಟಿಗೆಯ ಮೇಲೆ ಬೆರಳಾಡಿಸುತ್ತ ಮಗಳು ಕೇಳಿದಳು: "ಅಮ್ಮಾ, ಇವರನ್ನು ನೋಡಲು ಮನೆಯವರು ಬರುತ್ತಿದ್ದರಾ?"

ನಮ್ಮ ಕಡೆ, ಕಾರವಾರದಿಂದ ಶಿರಸಿಯವರೆಗೆ, 'ಧಾರವಾಡಕ್ಕೆ ಒಯ್ದರು' ಎಂದರೆ ಮುಂದೆ ಹೇಳಬೇಕಾಗಿರಲಿಲ್ಲ. ಅಲ್ಲಿ 1845ರಿಂದಲೂ ಮಾನಸಿಕ ಆಸ್ಪತ್ರೆ ಇದೆ. ನನ್ನ ಅಪ್ಪಚ್ಚಿಯನ್ನು, ಅಂದರೆ ಚಿಕ್ಕಪ್ಪನನ್ನು, ಒಂದು ನಸುಕಿನಲ್ಲಿ ಕುಮಟೆಯಿಂದ ಬಸ್ ಹತ್ತಿಸಿದರು. ಅಂಕೋಲೆ, ಅರಬೈಲು ಘಟ್ಟ, ಯಲ್ಲಾಪುರ, ಹುಬ್ಬಳ್ಳಿ. ಆಯಿ ಡಬ್ಬಿಯಲ್ಲಿ ಅವಲಕ್ಕಿ ಕಟ್ಟಿಕೊಟ್ಟಳು. ನೆರೆಯವರಿಗೆ ಹುಬ್ಬಳ್ಳಿಯಲ್ಲಿ ಕೆಲಸ ಸಿಕ್ಕಿತೆಂದು ಹೇಳಿದೆವು. ಆ ವರ್ಷದ ಲಗ್ನಪತ್ರಿಕೆಯಲ್ಲಿ ಅವನ ಹೆಸರು ಹಾಕಲಿಲ್ಲ. ತಿಂಗಳುಗಳ ಮೇಲೆ ಮರಳಿ ಬಂದವನು ಯಾರೊಂದಿಗೂ ಹೆಚ್ಚು ಮಾತಾಡದೆ, ತೋಟದ ಜರಿದ ಪಾಗಾರಕ್ಕೆ ಕೈಹಚ್ಚಿದ. ಬೇಸಿಗೆಯಿಡೀ ಒಬ್ಬನೇ. ಚಿರೆಕಲ್ಲು ಇಟ್ಟು, ಅಂಗೈಯಿಂದ ಸವರಿ, ಸರಿಬಾರದೆ ಮತ್ತೆ ತೆಗೆದು, ಇನ್ನೊಂದು ಮಗ್ಗುಲಿಗೆ ತಿರುಗಿಸಿ ಇಡುತ್ತಿದ್ದ. ಮೊಣಕಾಲಿನವರೆಗೆ ಕೆಂಪು ಧೂಳು. ಕುಡಿಯಲು ಮಜ್ಜಿಗೆ ಒಯ್ದರೆ ಲೋಟವನ್ನೂ ಹಾಗೆಯೇ, ಅಲುಗುವುದೋ ಎಂದು ನೋಡಿ, ಕಲ್ಲಿನ ಮೇಲೆ ಇಡುತ್ತಿದ್ದ. ಅವನು ಹೋಗಿ ವರ್ಷಗಳಾದವು. ಈ ಮಳೆಗಾಲದಲ್ಲೂ ಪಾಗಾರದ ಒಂದು ಕಲ್ಲು ಜಾರಲಿಲ್ಲವೆಂದು ಅಣ್ಣ ಫೋನಿನಲ್ಲಿ ಹೇಳಿದ.

ನಿಮ್ಮ ಮನೆಯಲ್ಲೂ ಹೀಗೆ ಹೆಸರು ಬಿಟ್ಟುಹೋದವರು ಇದ್ದರೆ ದಯವಿಟ್ಟು ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಜಾಗ ಕಾದಿರಿಸುತ್ತೇನೆ.

ದೀಪಾವಳಿ ಊಟ ಶನಿವಾರ ಸಂಜೆ ಆರಕ್ಕೆ, ಎಂದಿನ ಸಭಾಂಗಣದಲ್ಲಿ. ಹೋಳಿಗೆ ತರುವವರು ಗುರುವಾರದೊಳಗೆ ತಿಳಿಸಿ. ರಾಜ್ಯೋತ್ಸವದ ಮಕ್ಕಳ ನಾಟಕಕ್ಕೆ ನಾಲ್ಕು ಪೇಟ ಬೇಕು. ಕನ್ನಡ ತರಗತಿ ಈ ವಾರ ಇಲ್ಲ. ಕರಡು ತಿದ್ದಲು ಯಾರಾದರೂ ಒಬ್ಬರು ಬನ್ನಿ, ಮೂರು ಸಂಚಿಕೆಗಳಿಂದ ಒಬ್ಬಳೇ ಮಾಡುತ್ತಿದ್ದೇನೆ, ಆಗುತ್ತಿಲ್ಲ.

ಮಗಳಿಗೆ ಇನ್ನೂ ಉತ್ತರ ಕೊಟ್ಟಿಲ್ಲ. ಧಾರವಾಡಕ್ಕೆ ನಮ್ಮ ಮನೆಯಿಂದ ಯಾರೂ ಅವನನ್ನು ನೋಡಲು ಹೋಗಿರಲಿಲ್ಲ.