ದುಂಡು ಕಟ್ಟಡದ ಹಿಂಬಾಗಿಲು: ಲಂಡನ್ನಿನಲ್ಲಿರುವ ಗೆಳೆಯನಿಗೊಂದು ಪತ್ರ

ಹುಬ್ಬಳ್ಳಿ

ಪ್ರೀತಿಯ ಗೆಳೆಯನಿಗೆ,

ನಮಸ್ಕಾರ. ನೀನು ಕಳಿಸಿದ ಫೋಟೊಗಳು ಬಂದು ಮುಟ್ಟಿದವು. ಮಗನ ಮನೆಯ ಕಿಟಕಿಯಿಂದ ತೆಗೆದ ಆ ದುಂಡು ಅಂಗಳದ ಚಿತ್ರದ ಕೆಳಗೆ ‘ಇದು ಮೊದಲು ಯಾವುದೋ ಟಿವಿ ಆಫೀಸಾಗಿತ್ತಂತೆ’ ಎಂದು ಒಂದೇ ಸಾಲು ಬರೆದು ಕೈತೊಳೆದುಕೊಂಡಿದ್ದೀಯಲ್ಲ, ಅದರಿಂದಾಗಿಯೇ ಈ ಪತ್ರ ಉದ್ದವಾಗಲಿದೆ. ಮೂವತ್ತು ವರ್ಷ ಸಿವಿಲ್ ಡ್ರಾಯಿಂಗ್ ಕಲಿಸಿದವನಿಗೆ ಆ ಕಟ್ಟಡದ ಫೋಟೊ ಕಳಿಸಿ ಅಷ್ಟಕ್ಕೇ ಪಾರಾಗಬಹುದೆಂದು ನೀನು ಎಣಿಸಬಾರದಿತ್ತು. ನೀನು ಮೊಮ್ಮಗನನ್ನು ಆಡಿಸುತ್ತಿರುವ ಆ ಅಂಗಳ ಬಿಬಿಸಿಯ ಟೆಲಿವಿಷನ್ ಸೆಂಟರಿನದು. ಅಲ್ಲಿಯ ಜನ ಅದನ್ನು ಡೋನಟ್ ಎಂದು ಕರೆಯುತ್ತಾರೆ. ನಮ್ಮೂರಿನಲ್ಲಿದ್ದಿದ್ದರೆ ಉದ್ದಿನ ವಡೆ ಎನ್ನುತ್ತಿದ್ದೆವು.

ಬಿಬಿಸಿಯವರು 1936ರ ನವೆಂಬರ್ 2ರಂದು ನಿಯತ ಟಿವಿ ಪ್ರಸಾರ ಆರಂಭಿಸಿದ್ದು ಲಂಡನ್ನಿನ ಉತ್ತರದ ಗುಡ್ಡದ ಮೇಲಿನ ಅಲೆಕ್ಸಾಂಡ್ರಾ ಪ್ಯಾಲೇಸಿನಲ್ಲಿ. ಅದು ಬೇರೆ ಕೆಲಸಕ್ಕೆ ಕಟ್ಟಿದ ಹಳೆಯ ಕಟ್ಟಡ. ಯುದ್ಧದ ಕಾಲದಲ್ಲಿ ಟಿವಿ ನಿಂತುಹೋಗಿ, 1946ರಲ್ಲಿ ಮತ್ತೆ ಶುರುವಾದಾಗ ಅಲ್ಲಿಯ ಜಾಗ ಸಾಲದಾಯಿತು. 1908ರಲ್ಲಿ ಫ್ರಾನ್ಸ್ ಮತ್ತು ಬ್ರಿಟನ್ನಿನ ದೊಡ್ಡ ವಸ್ತುಪ್ರದರ್ಶನ ನಡೆದಿದ್ದ ಪಶ್ಚಿಮ ಲಂಡನ್ನಿನ ವೈಟ್ ಸಿಟಿಯ ಬಯಲನ್ನು 1949ರಲ್ಲಿ ಕೊಂಡರು. ಏನೇನು ಬೇಕು ಎಂಬ ಐವತ್ತು ಪುಟಗಳ ಪಟ್ಟಿಯನ್ನು ವಾಸ್ತುಶಿಲ್ಪಿ ಗ್ರಹಾಂ ಡಾಬರ್ನ್ ಅವರ ಕೈಗಿಟ್ಟರು. ಅವರು ಅದನ್ನೋದಿ ಒಂದು ಪಬ್ಬಿಗೆ ಹೋಗಿ ಕುಳಿತು, ಜೇಬಿನಲ್ಲಿದ್ದ ಲಕೋಟೆಯ ಮೇಲೆ ಆ ಜಾಗದ ಮುಕ್ಕೋನವನ್ನು ಗೀಚಿ, ಮುಂದೇನೆಂದು ತೋಚದೆ ಅದರ ನಡುವೆ ಒಂದು ಪ್ರಶ್ನಾರ್ಥಕ ಚಿಹ್ನೆ ಬರೆದರಂತೆ. ಬರೆದು ನೋಡಿದರೆ ಅದೇ ಉತ್ತರವಾಗಿತ್ತು: ಚಿಹ್ನೆಯ ದುಂಡು ಭಾಗವೇ ಮುಖ್ಯ ಕಟ್ಟಡ, ಅದರ ಬಾಲ ಮುಂದೆ ಬೆಳೆಸಬಹುದಾದ ಭಾಗ. ಈ ಕಥೆಯನ್ನು ನಾನು ಪ್ರತಿವರ್ಷ ಮೊದಲ ತರಗತಿಯಲ್ಲೇ ಹೇಳುತ್ತಿದ್ದೆ. ಹುಡುಗರಿಗೆ ಪಬ್ಬಿನ ಮಾತಷ್ಟೇ ನೆನಪುಳಿಯುತ್ತಿತ್ತು ಎಂಬುದು ಬೇರೆ ವಿಷಯ.

ದುಂಡಗೆ ಕಟ್ಟಿದ್ದು ಅಂದಕ್ಕಾಗಿ ಎಂದು ನೀನು ತಿಳಿದಿದ್ದರೆ ಅದು ತಪ್ಪು. ಒಂದು ಟಿವಿ ಸ್ಟುಡಿಯೊಕ್ಕೆ ಎರಡು ಬಗೆಯ ಹರಿವು ಇರುತ್ತದೆ. ನಟರು, ಸಂಗೀತಗಾರರು, ನಿರ್ದೇಶಕರು, ತಂತ್ರಜ್ಞರು ಬರುವುದು ಒಂದು ಕಡೆಯಿಂದಾದರೆ, ಸೀನರಿ ಎನ್ನುವ ಸೆಟ್ಟಿನ ಗೋಡೆ, ಮೆಟ್ಟಿಲು, ಕಂಬ, ಕುರ್ಚಿ, ಮಂಚಗಳು ಬರುವುದು ಇನ್ನೊಂದು ಕಡೆಯಿಂದ. ಇವೆರಡೂ ಒಂದೇ ಬಾಗಿಲಲ್ಲಿ ಎದುರುಬದುರಾದರೆ ಕೆಲಸ ಕೆಟ್ಟಿತು. ಡಾಬರ್ನ್ ಅವರ ನಕ್ಷೆಯಲ್ಲಿ ಆಫೀಸುಗಳು, ಬಣ್ಣ ಹಚ್ಚುವ ಕೋಣೆಗಳು ಉಂಗುರದ ಒಳಬದಿಗೆ ಬಂದವು. ಸ್ಟುಡಿಯೊಗಳು ಅದರ ಹೊರಮೈಗೆ ಅಂಟಿಕೊಂಡು ನಿಂತವು. ಅವುಗಳ ಹಿಂಬದಿಯಲ್ಲಿ ಸೀನರಿ ಸಾಗಿಸುವ ದಾರಿ ಸುತ್ತುಹಾಕಿತು. ಕಲಾವಿದರು ಒಳಗಿನಿಂದ, ಸೀನರಿ ಹೊರಗಿನಿಂದ. ರಾತ್ರಿ ಒಂದು ಸೆಟ್ಟು ಬಿಚ್ಚಿ ಇನ್ನೊಂದನ್ನು ಕಟ್ಟಿ ದೀಪ ಹೊಂದಿಸಿಡುವುದು, ಹಗಲು ತಾಲೀಮು, ಸಂಜೆ ಚಿತ್ರೀಕರಣ, ರಾತ್ರಿ ಮತ್ತೆ ಬಿಚ್ಚುವುದು. ವಾರಕ್ಕೆ ಏಳೂ ದಿನ ಈ ಚಕ್ರ ನಿಲ್ಲದೆ ತಿರುಗಲೆಂದೇ ಆ ಕಟ್ಟಡ ಚಕ್ರದಂತಿತ್ತು. ಇನ್ನೊಂದು ಮಾತು ನೋಡು: ಇಡೀ ಆವರಣದಲ್ಲಿ ಅವರು ಮೊದಲು ಕಟ್ಟಿ ಮುಗಿಸಿದ್ದು ಸ್ಟುಡಿಯೊಗಳನ್ನಲ್ಲ, ಸೀನರಿ ತಯಾರಿಸುವ ವಿಭಾಗವನ್ನು.

ಇದರ ಬೆಲೆ ನನಗೆ ತಿಳಿದದ್ದು ಪುಸ್ತಕದಿಂದಲ್ಲ. ನಮ್ಮಪ್ಪ ಕಂಪನಿ ನಾಟಕಗಳಿಗೆ ಪರದೆ ಬರೆಯುತ್ತಿದ್ದುದು ನಿನಗೆ ಗೊತ್ತೇ ಇದೆ. ಗದಗಿನ ನಮ್ಮ ಮನೆಯ ಹಿತ್ತಲಲ್ಲಿ ಮಾದರಪಾಟಿನ ಬಟ್ಟೆ ಹಾಸಿ, ಒಲೆಯ ಮೇಲೆ ಕಾಯಿಸಿದ ಸರೇಸಿಗೆ ಬಣ್ಣದ ಪುಡಿ ಕಲಸಿ, ಮೊಣಕಾಲೂರಿ ಕುಳಿತು ಅರಮನೆಯ ಕಂಬ ಎಳೆಯುತ್ತಿದ್ದರು. ಆ ಸರೇಸಿನ ನಾತಕ್ಕೆ ಮೂಗು ಮುಚ್ಚಿಕೊಂಡು ನೀನು ಬೇಲಿಯಾಚೆಯೇ ನಿಲ್ಲುತ್ತಿದ್ದೆ. ಒಂದು ವರ್ಷ ಬನಶಂಕರಿ ಜಾತ್ರೆಯಲ್ಲಿ ಕ್ಯಾಂಪು ಹಾಕಿದ್ದ ಕಂಪನಿಯೊಂದಕ್ಕೆ ಅವರು ಅರಮನೆಯ ಹೊಸ ವಿಂಗುಗಳನ್ನು, ಅಂದರೆ ರಂಗದ ಬದಿಗೆ ನಿಲ್ಲಿಸುವ ಚೌಕಟ್ಟುಗಳನ್ನು, ಮಾಡಿಕೊಟ್ಟರು. ನಾನೂ ಜೊತೆಗೆ ಹೋಗಿದ್ದೆ. ಚಕ್ಕಡಿಯಿಂದ ಇಳಿಸಿ ನೋಡಿದರೆ, ತಗಡಿನ ಥಿಯೇಟರಿನ ಹಿಂಬಾಗಿಲು ವಿಂಗಿಗಿಂತ ಎರಡು ಮೊಳ ಗಿಡ್ಡ. ಅಡ್ಡ ಮಾಡಿದರೂ ಒಳಗೆ ಹೋಗಲೊಲ್ಲದು. ಮುಂಬಾಗಿಲಲ್ಲಿ ಆಗಲೇ ಟಿಕೆಟ್ ಹರಿದ ಜನ ತುಂಬಿದ್ದರು. ಕೊನೆಗೆ ಹಿಂಬದಿಯ ಎರಡು ತಗಡು ಕಿತ್ತು ಒಳಗೆ ಸಾಗಿಸಿದರು. ಅಷ್ಟು ಹೊತ್ತು ರಸ್ತೆಯ ಪರದೆ ಇಳಿಸಿ, ಅದರ ಮುಂದೆ ಹಾಸ್ಯದವರಿಬ್ಬರು ಹತ್ತು ನಿಮಿಷದ ಸೀನನ್ನು ಮುಕ್ಕಾಲು ತಾಸಿಗೆ ಎಳೆದರು. ಜನ ನಕ್ಕು ನಕ್ಕು ಸುಸ್ತಾದರು. ಪರದೆಯ ಹಿಂದೆ ಅಪ್ಪನ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಮುಂದೆ ರಸ್ತೆಯ ಪರದೆ, ಹಿಂದೆ ಅರಮನೆಯ ಜೋಡಣೆ ಎಂಬುದು ನಮ್ಮ ಕಂಪನಿಗಳು ಹೊತ್ತು ಉಳಿಸಲು ಕಂಡುಕೊಂಡ ಉಪಾಯ. ಡಾಬರ್ನ್ ಅವರು ಅದೇ ತೊಡಕನ್ನು ಕಾಂಕ್ರೀಟಿನಲ್ಲಿ ಬಿಡಿಸಿದರು ಎಂದೇ ನಾನು ಆ ನಕ್ಷೆಯನ್ನು ಓದುತ್ತೇನೆ.

1960ರ ಜೂನ್ 29ರಂದು ಮೂರನೆಯ ಸ್ಟುಡಿಯೊದಿಂದ ಪ್ರಸಾರ ಆರಂಭವಾಯಿತು. ಹೆಚ್ಚುಕಡಿಮೆ ಸಾವಿರ ಚದರ ಮೀಟರಿನ ಒಂದನೆಯ ಸ್ಟುಡಿಯೊ ಸಿದ್ಧವಾದದ್ದು 1964ರಲ್ಲಿ. ಆ ವರ್ಷದ ಏಪ್ರಿಲ್ 20ರ ಸಂಗತಿಯನ್ನು ನಿನಗೆ ಹೇಳಲೇಬೇಕು. ಬಿಬಿಸಿ 2 ಎಂಬ ಹೊಸ ವಾಹಿನಿಯ ಮೊದಲ ರಾತ್ರಿ ಅದು. ಎಲ್ಲ ಸಜ್ಜಾಗಿರುವಾಗ ಬ್ಯಾಟರ್‌ಸಿ ವಿದ್ಯುತ್ ಕೇಂದ್ರದಲ್ಲಿ ಬೆಂಕಿ ಬಿದ್ದು ಪಶ್ಚಿಮ ಲಂಡನ್ನಿನ ಕರೆಂಟು ಹೋಯಿತು. ಹೊಸ ಕಟ್ಟಡವೆಲ್ಲ ಕತ್ತಲು. ಸುದ್ದಿ ವಿಭಾಗ ಇನ್ನೂ ಉಳಿದಿದ್ದ ಹಳೆಯ ಅಲೆಕ್ಸಾಂಡ್ರಾ ಪ್ಯಾಲೇಸಿನಲ್ಲಿ ಮಾತ್ರ ಕರೆಂಟಿದ್ದುದರಿಂದ, ಸುದ್ದಿ ಓದುವವರು ಅಲ್ಲಿಂದಲೇ ಕ್ಷಮೆ ಕೇಳಿದರು. ಮರುದಿನ ಸಂಜೆ ನಿರೂಪಕರು ಕತ್ತಲಲ್ಲಿ ಒಂದು ಮೇಣದ ಬತ್ತಿಯೊಡನೆ ಕಾಣಿಸಿಕೊಂಡು, ಅದನ್ನು ಊದಿ ಆರಿಸಿ ಸಂಜೆಯ ಕಾರ್ಯಕ್ರಮಗಳನ್ನು ಆರಂಭಿಸಿದರು. ಕರೆಂಟು ಹೋದರೆ ನಗುವ ಕಲೆ ನಮಗೊಬ್ಬರಿಗೇ ಸಿದ್ಧಿಸಿದೆ ಎಂದುಕೊಂಡಿದ್ದೆ.

1967ರಲ್ಲಿ ಬಣ್ಣದ ಪ್ರಸಾರ ಬಂತು, 1969ರಲ್ಲಿ ಸುದ್ದಿ ವಿಭಾಗವೂ ಈ ಕಟ್ಟಡಕ್ಕೆ ಬಂತು. ನಿನ್ನ ಫೋಟೊದ ನಡುವೆ ಎತ್ತರದ ಕಂಬದ ಮೇಲೆ ನಿಂತಿರುವ ಬಂಗಾರದ ಬಣ್ಣದ ಮೂರ್ತಿ ಗ್ರೀಕರ ಸೂರ್ಯದೇವ ಹೀಲಿಯಾಸ್. ಮಾಡಿದವರು ಹಕ್ಸ್‌ಲಿ ಜೋನ್ಸ್ ಎಂಬ ಶಿಲ್ಪಿ. ಬೆಳಕಿನಂತೆ ಟಿವಿಯೂ ಲೋಕವೆಲ್ಲ ಹರಡಲಿ ಎಂಬುದು ಅದರ ಅರ್ಥವಂತೆ. ಬುಡದಲ್ಲಿ ಕಾರಂಜಿಯೂ ಇತ್ತು. ಸುತ್ತಲೂ ದುಂಡು ಗೋಡೆಯಾದ್ದರಿಂದ ಅದರ ಸದ್ದು ಆಫೀಸಿನವರಿಗೆಲ್ಲ ಕೇಳಿ, ಕೊನೆಗೆ ನೀರು ನಿಲ್ಲಿಸಿದರು. ಇಷ್ಟು ಬುದ್ಧಿವಂತಿಕೆಯ ನಕ್ಷೆಯಲ್ಲಿ ಈ ಒಂದು ಲೆಕ್ಕ ತಪ್ಪಿದ್ದು ನನಗೆ ಒಳಗೊಳಗೇ ಸಮಾಧಾನ ತರುತ್ತದೆ.

2009ರಲ್ಲಿ ಉಂಗುರದ ಭಾಗವನ್ನೂ ಒಂದನೆಯ ಸ್ಟುಡಿಯೊವನ್ನೂ ಸಂರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿಸಿದರು. 2012ರಲ್ಲಿ 20 ಕೋಟಿ ಪೌಂಡಿಗೆ ಮಾರಿದರು. 2013ರ ಮಾರ್ಚ್ 31ರಂದು ಬಿಬಿಸಿ ಬಾಗಿಲು ಹಾಕಿತು. ಉಂಗುರದೊಳಗೆ ನಿನ್ನ ಮಗನಂಥವರ ಮನೆಗಳಾದವು. 2017ರಲ್ಲಿ ಮೊದಲ ಮೂರು ಸ್ಟುಡಿಯೊಗಳು ಮತ್ತೆ ತೆರೆದವು, ಮಿಕ್ಕವು ಹೋದವು. ಕೆಡವದೆ ಉಳಿಸಿದರು ಎಂದು ಹೊಗಳುವವರ ಜೊತೆ ನಾನು ಪೂರ್ತಿ ಸೇರಲಾರೆ. ಆಕಾರ ಉಳಿಯಿತು, ನಿಜ. ಆದರೆ ಆ ಆಕಾರ ಹುಟ್ಟಿದ್ದು ರಾತ್ರಿಯಿಡೀ ಸುತ್ತುತ್ತಿದ್ದ ಸೀನರಿಯಿಂದ; ಮನೆಗಳನ್ನು ದುಂಡಗೆ ಕಟ್ಟಲು ಯಾವ ಕಾರಣವೂ ಇರಲಿಲ್ಲ. ಹಾಗಾಗಿ ಆ ಮೂರು ಸ್ಟುಡಿಯೊಗಳು ಉಳಿದದ್ದೇ ನನಗೆ ದೊಡ್ಡದಾಗಿ ಕಾಣುತ್ತದೆ. ನಮ್ಮ ಧಾರವಾಡದ ಆಕಾಶವಾಣಿ 1950ರಲ್ಲಿ ಆರಂಭವಾದದ್ದು. ನೋಟಕ್ಕೆ ಅದನ್ನು ಯಾರೂ ಫೋಟೊ ತೆಗೆಯಲಾರರು. ಆದರೂ ಬಾಲ್ಯದಲ್ಲಿ ನಾಟಕ ಕಂಪನಿಯಲ್ಲಿ ಬಣ್ಣ ಹಚ್ಚಿದ್ದ ಮಲ್ಲಿಕಾರ್ಜುನ ಮನ್ಸೂರರು ಸಂಗೀತ ಸಲಹೆಗಾರರಾಗಿ ದುಡಿದ ನಿಲಯ ಅದು, ಮತ್ತು ಈ ಪತ್ರ ಬರೆಯುವಾಗಲೂ ನನ್ನ ಮೇಜಿನ ಮೇಲೆ 765 ಕಿಲೋಹರ್ಟ್ಜ್‌ನಲ್ಲಿ ಮಾತನಾಡುತ್ತಿದೆ.

ನಿನ್ನಿಂದ ಒಂದು ಕೆಲಸವಾಗಬೇಕು. ಹೀಲಿಯಾಸನ ಫೋಟೊ ಇನ್ನು ಬೇಡ. ಸಂಜೆ ವಾಕಿಂಗ್ ಹೋದಾಗ ಉಂಗುರವನ್ನು ಹೊರಬದಿಯಿಂದ ಸುತ್ತಿ, ಒಂದನೆಯ ಸ್ಟುಡಿಯೊಕ್ಕೆ ಸೀನರಿ ಒಯ್ಯುವ ಬಾಗಿಲು ಎಲ್ಲಿದೆ ನೋಡು. ಕಾವಲಿನವರು ಬಿಟ್ಟರೆ ಅದರ ಮುಂದೆ ಮೊಮ್ಮಗನನ್ನು ನಿಲ್ಲಿಸಿ ಒಂದು ಫೋಟೊ ತೆಗೆದು ಕಳಿಸು, ಅವನ ಎತ್ತರ ಎಷ್ಟು ಎಂದೂ ಬರೆ. ಬಾಗಿಲು ಎಷ್ಟು ಮೊಳ ಎಂಬ ಲೆಕ್ಕ ನಾನೇ ಹಾಕಿಕೊಳ್ಳುತ್ತೇನೆ.

ವೈನಿಯವರಿಗೆ ನಮಸ್ಕಾರ, ಮಗುವಿಗೆ ಆಶೀರ್ವಾದ ತಿಳಿಸು.

ನಿನ್ನ ಗೆಳೆಯ