ಚಾಪೆ ಸಾಲದು, ಕೀಲಿಕೈ ಕೊಡಿ: ಮಹಾಪೌರರಿಗೊಂದು ಬಹಿರಂಗ ಪತ್ರ

ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆಯ ಮಾನ್ಯ ಮಹಾಪೌರರಿಗೆ,

ಮುಂದಿನ ಬಜೆಟ್‌ನಲ್ಲಿ ವಸತಿರಹಿತರ ಆಶ್ರಯ ಕೇಂದ್ರಗಳಿಗೆ ಹಣ ತೆಗೆದಿಡುವ ಮೊದಲು ಈ ಪತ್ರ ಓದಬೇಕೆಂದು ಕೋರಿಕೆ.

ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನ ಹಾಕಿಕೊಟ್ಟ ಮಾನದಂಡ ತಮಗೆ ಗೊತ್ತು: ಲಕ್ಷ ಜನಸಂಖ್ಯೆಗೆ ಒಂದು ಕಾಯಂ ಕೇಂದ್ರ, 50ರಿಂದ 100 ಜನಕ್ಕೆ ಜಾಗ, ತಲೆಗೆ ಕನಿಷ್ಠ 50 ಚದರ ಅಡಿ. 2011ರ ಜನಗಣತಿಯಲ್ಲೇ ಅವಳಿ ನಗರ 9.4 ಲಕ್ಷ ದಾಟಿತ್ತು. ಆ ಲೆಕ್ಕಕ್ಕೇ ಒಂಬತ್ತು ಕೇಂದ್ರ ಬೇಕು. ಈಗ ಎಷ್ಟು ನಡೆಯುತ್ತಿವೆ ಎಂಬುದು ಪಾಲಿಕೆಯ ಕಡತದಲ್ಲೇ ಇದೆ. ಆ ತಕರಾರು ಇವತ್ತು ಬೇಡ. ಒಂಬತ್ತೂ ತೆರೆದಿರಿ ಅನ್ನೋಣ. ಆಮೇಲೂ ದುರ್ಗದಬೈಲಿನ ಅಂಗಡಿ ಕಟ್ಟೆಗಳ ಮೇಲೆ ಕೆಲವರು ಮಲಗಿಯೇ ಇರುತ್ತಾರೆ. ನಾವು ಬರೆಯುತ್ತಿರುವುದು ಆ ಕೆಲವರ ಬಗ್ಗೆ.

ನ್ಯೂಯಾರ್ಕ್ ಮತ್ತು ಫಿಲಡೆಲ್ಫಿಯಾದ ಆಶ್ರಯ ಕೇಂದ್ರಗಳ ದಾಖಲೆ ಹಿಡಿದು ಕುನ್ ಮತ್ತು ಕಲ್‌ಹೇನ್ ಎಂಬ ಸಂಶೋಧಕರು 1998ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಬಂದವರಲ್ಲಿ ಸುಮಾರು ಶೇ 80ರಷ್ಟು ಜನ ಸ್ವಲ್ಪ ಕಾಲ ಇದ್ದು ಹೊರಟವರು. ಶೇ 10ರಷ್ಟು ಮಂದಿ ಹೋಗಿ ಬಂದು ಮಾಡುವವರು. ಉಳಿದ ಶೇ 10ರಷ್ಟು ಜನ ಅಲ್ಲೇ ಬೇರೂರಿದವರು, ಕೇಂದ್ರಗಳ ಒಟ್ಟು ದಿನಗಳಲ್ಲಿ ಸುಮಾರು ಅರ್ಧ ಇವರದೇ. ನಮ್ಮೂರಲ್ಲೂ ಇದೇ ಪ್ರಮಾಣ ಅನ್ನಲಾಗದು. ಆದರೆ ವಿಂಗಡಣೆ ಉಪಯೋಗಕ್ಕೆ ಬರುತ್ತದೆ. ಎಪಿಎಂಸಿಗೆ ಹಂಗಾಮಿನ ಕೂಲಿಗೆ ಬಂದವನಿಗೆ ಚಾಪೆ, ಲಾಕರ್, ಸ್ನಾನದ ನೀರು ಸಾಕು. ವಯಸ್ಸು, ಕುಡಿತ, ಮನೋರೋಗ ಮೂರೂ ಕೂಡಿದವನಿಗೆ ಸಾಲದು.

ಹಾಗಾಗಿ ಮೊದಲ ಕೆಲಸ ಎಣಿಕೆ. ಜನಗಣತಿ ಮನೆಯಿಲ್ಲದವರನ್ನು ಎಣಿಸಿದ್ದು 2011ರ ಫೆಬ್ರುವರಿ 28ರ ಒಂದೇ ರಾತ್ರಿ. ಪಾಲಿಕೆ ವರ್ಷಕ್ಕೆರಡು ಸಲ, ಮಳೆಗಾಲದಲ್ಲೊಮ್ಮೆ, ಚಳಿಗಾಲದಲ್ಲೊಮ್ಮೆ ಎಣಿಸಲಿ. 82 ವಾರ್ಡಿಗೂ ಮೂವರ ತಂಡ, ರಾತ್ರಿ 11ರ ನಂತರ. ತಪ್ಪುವುದು ಎರಡು ಕಡೆ. ದೊಡ್ಡಾಸ್ಪತ್ರೆಯ ಆವರಣದಲ್ಲಿ ಮಲಗಿದವರಲ್ಲಿ ಬಹಳ ಜನ ರೋಗಿಗಳ ಕಡೆಯವರು, ಊರಲ್ಲಿ ಮನೆಯಿದ್ದವರು. ಅವರಿಗೆ ಬೇರೆ ಕಾಲಂ ಬೇಕು. ಇನ್ನು ಹೆಂಗಸರು ಕಣ್ಣಿಗೆ ಬೀಳುವುದೇ ಇಲ್ಲ. ಭಯಕ್ಕೆ ಬೆಳಕಿದ್ದ ಕಡೆ ಎದ್ದು ಕೂತು ರಾತ್ರಿ ಕಳೆಯುತ್ತಾರೆ, ಹಗಲು ಮಲಗುತ್ತಾರೆ. ಅವರನ್ನು ಸಿದ್ಧಾರೂಢ ಮಠದ ದಾಸೋಹದ ಹೊತ್ತಿಗೆ, ಇಂದಿರಾ ಕ್ಯಾಂಟೀನ್ ಮುಂದೆ, ಮಹಿಳಾ ಸಿಬ್ಬಂದಿಯೇ ಮಾತಾಡಿಸಿ ಎಣಿಸಬೇಕು.

ಬೇರೂರಿದವರಿಗೆ ಏನು ಮಾಡಬೇಕು? 1992ರಲ್ಲಿ ನ್ಯೂಯಾರ್ಕ್‌ನಲ್ಲಿ ಸ್ಯಾಮ್ ಸೆಂಬೆರಿಸ್ ಎಂಬ ಮನಶ್ಶಾಸ್ತ್ರಜ್ಞ ಎಲ್ಲರೂ ನಡೆಸುತ್ತಿದ್ದ ಕ್ರಮವನ್ನೇ ತಿರುವಿದರು: ಕುಡಿತ ಬಿಟ್ಟರೆ ಮನೆ, ಮಾತ್ರೆ ನುಂಗಿದರೆ ಮನೆ ಎನ್ನುವ ಬದಲು ಮೊದಲೇ ಮನೆ. ಕೆನಡಾ 2009ರಿಂದ 2013ರವರೆಗೆ ಐದು ನಗರಗಳಲ್ಲಿ, ಮನೋರೋಗವಿದ್ದ 2,000ಕ್ಕೂ ಹೆಚ್ಚು ವಸತಿರಹಿತರನ್ನು ಚೀಟಿ ಎತ್ತಿದಂತೆ ಗುಂಪು ಮಾಡಿ ಇದನ್ನು ಪರೀಕ್ಷಿಸಿತು. ಕೊನೆಯ ಆರು ತಿಂಗಳು ಪೂರ್ತಿ ಮನೆಯಲ್ಲೇ ಉಳಿದವರು ಈ ಕ್ರಮದಲ್ಲಿ ಶೇ 62, ಎಂದಿನ ಸೇವೆಯಲ್ಲಿ ಶೇ 31. ಕುಡಿತ, ಮಾದಕ ವಸ್ತುವಿನ ವಿಷಯದಲ್ಲಿ ಗುಂಪುಗಳ ನಡುವೆ ದೊಡ್ಡ ಅಂತರ ಕಾಣಲಿಲ್ಲ. ಮೊದಲೇ ಮನೆ ಎಂಬ ಗುಂಪಿನಲ್ಲೂ ಶೇ 16ರಷ್ಟು ಜನ ಆ ಆರು ತಿಂಗಳಲ್ಲಿ ಒಂದು ದಿನವೂ ಮನೆಯಲ್ಲಿ ಉಳಿದಿರಲಿಲ್ಲ. ಇದನ್ನು ಸಭೆಯಲ್ಲಿ ಮುಚ್ಚಿಡಬೇಡಿ. ಖರ್ಚು ಉಳಿಯುತ್ತದೆ ಎಂದೂ ಹೇಳಬೇಡಿ. ಅಲ್ಲಿ ಹಾಕಿದ್ದಕ್ಕಿಂತ ಹೆಚ್ಚು ಉಳಿದದ್ದು ಆಸ್ಪತ್ರೆ, ಜೈಲಿಗೆ ಅತಿ ಹೆಚ್ಚು ಖರ್ಚು ತರುತ್ತಿದ್ದ ಶೇ 10ರಷ್ಟು ಜನರಲ್ಲಿ ಮಾತ್ರ. ನಮ್ಮಲ್ಲಿ ಇವರ ಮೇಲೆ ಅಷ್ಟು ಖರ್ಚು ಮಾಡಿದವರಾದರೂ ಯಾರು, ಉಳಿಸಲಿಕ್ಕೆ?

ದೂರದ ಮಾತಾಯಿತು ಎಂದರೆ ಚೆನ್ನೈ ಇದೆ. ಮನೋರೋಗವಿದ್ದ ವಸತಿರಹಿತರಿಗಾಗಿ ದುಡಿಯುವ ಅಲ್ಲಿನ ಬ್ಯಾನಿಯನ್ ಸಂಸ್ಥೆ 2015ರಿಂದ, ಆಸ್ಪತ್ರೆಯಲ್ಲೇ ವರ್ಷಗಟ್ಟಲೆ ಉಳಿದ ಮಹಿಳೆಯರಿಗೆ ಸಾಮಾನ್ಯ ಓಣಿಗಳಲ್ಲಿ ಬಾಡಿಗೆ ಮನೆ ಹಿಡಿದು, ನಾಲ್ಕೈದು ಜನರನ್ನು ಕೂಡಿಸಿ, ಜೊತೆಗೆ ಸಹಾಯಕಿಯರನ್ನು ಇಟ್ಟಿದೆ.

ಇಲ್ಲಿಗೆ ಹತ್ತು ಮನೆಗಳಿಂದ ಶುರು ಮಾಡಿ. ಕರಾರು ಪಾಲಿಕೆಯ ಹೆಸರಲ್ಲಿ, 11 ತಿಂಗಳಿಗೆ, ಡಿಪಾಜಿಟ್ ಪಾಲಿಕೆಯದು. ಒಂದು ಓಣಿಗೆ ಒಂದೇ ಮನೆ, ಚಿಗರಿ ಬಸ್ ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರ. ಊರ ಹೊರಗೆ ಒಂದೇ ಕಟ್ಟಡಕ್ಕೆ ಎಲ್ಲರನ್ನೂ ತುಂಬಿದರೆ ಕೂಲಿ ತಪ್ಪುತ್ತದೆ, ಹೆಸರು ಕೆಡುತ್ತದೆ, ಆರು ತಿಂಗಳಲ್ಲಿ ಖಾಲಿ. ಬಾಡಿಗೆ ಬಿಲ್ಲು ಟೇಬಲ್ಲಿಂದ ಟೇಬಲ್ಲಿಗೆ ಓಡಾಡುವಷ್ಟರಲ್ಲಿ ಮಾಲೀಕರು ಮನೆ ಬಿಡಿಸುತ್ತಾರೆ. ಮೂರು ತಿಂಗಳ ಬಾಡಿಗೆಯನ್ನು ಪ್ರತ್ಯೇಕ ಖಾತೆಯಲ್ಲಿ ಮುಂಗಡ ಇಡಿ. ಆದಾಯ ಬಂದವರಿಂದ ಅದರ ಶೇ 30ಕ್ಕಿಂತ ಹೆಚ್ಚು ಪಡೆಯಬೇಡಿ, ಕೆನಡಾದಲ್ಲೂ ಅಷ್ಟೇ ಇತ್ತು.

ಮನೆಗಿಂತ ಮುಖ್ಯ ಬಾಗಿಲು ತಟ್ಟುವವರು. ಕಾಯಿಲೆ ಹೆಚ್ಚಿದ್ದವರಿಗೆ ಹತ್ತು ಜನಕ್ಕೊಬ್ಬ ಕಾರ್ಯಕರ್ತ, ಉಳಿದವರಿಗೆ 16ರಿಂದ 20 ಜನಕ್ಕೊಬ್ಬರು. ವಾರಕ್ಕೆ ಕನಿಷ್ಠ ಒಂದು ಭೇಟಿ. ಮೊದಲ ಮೂರು ತಿಂಗಳು ದಿನವೂ ಹೋಗಲಿ. ಕೀಲಿಕೈ ಕಿಸೆಯಲ್ಲಿದ್ದರೂ ಹಳೇ ಬಸ್ ಸ್ಟ್ಯಾಂಡಿಗೇ ಹೋಗಿ ಮಲಗುವವರಿರುತ್ತಾರೆ. ನಾಲ್ಕು ಗೋಡೆಯ ನಡುವಿನ ಮೌನ ರೂಢಿಯಾಗಬೇಕು. ಅದನ್ನು ‘ಮನೆ ಬೇಡವಂತೆ’ ಎಂದು ಬರೆದು ಕಡತ ಮುಚ್ಚಬಾರದು. ಈ ಕಾರ್ಯಕರ್ತರನ್ನು ಹೊರಗುತ್ತಿಗೆಯಲ್ಲಿ ತೆಗೆದುಕೊಂಡು ಸಂಬಳ ತಡಮಾಡಿದರೆ ಯೋಜನೆ ಅಲ್ಲಿಗೇ ನಿಂತಂತೆ.

ಕಾಗದಪತ್ರ ಅಂದುಕೊಂಡಷ್ಟು ಕಷ್ಟವಲ್ಲ. ಆಧಾರ್‌ಗೆ ವಿಳಾಸದ ಪ್ರಮಾಣಪತ್ರವನ್ನು ನಿಗದಿತ ನಮೂನೆಯಲ್ಲಿ ಪಾಲಿಕೆ ಸದಸ್ಯರೇ ಕೊಡಬಹುದು. ಅಡುಗೆಗೆ ವಿಳಾಸ ಪುರಾವೆ ಕೇಳದ 5 ಕೆ.ಜಿ. ಸಿಲಿಂಡರ್ ಇದೆ.

ಹಣದ ಮಾತು. ಆಶ್ರಯ ಕೇಂದ್ರಗಳ ನಿರ್ವಹಣೆಗೆ ಜೀವನೋಪಾಯ ಅಭಿಯಾನದ ನೆರವು ಇದ್ದದ್ದೇ ಐದು ವರ್ಷಕ್ಕೆ, ಅದನ್ನು ನೆಚ್ಚಿ ಕೂರುವಂತಿಲ್ಲ. ಪ್ರಧಾನಮಂತ್ರಿ ಆವಾಸ್ ಯೋಜನೆ (ಪಿಎಂಎವೈ)-ನಗರ 2.0ರ ಬಾಡಿಗೆ ವಸತಿ ವಿಭಾಗದಲ್ಲಿ ವಸತಿರಹಿತರೂ ಸೇರಿದ್ದಾರೆ. ಸರ್ಕಾರಿ ಹಣದಲ್ಲಿ ಕಟ್ಟಿ ಖಾಲಿ ಬಿದ್ದ ಮನೆಗಳನ್ನು ಅದರಡಿ ಬಾಡಿಗೆಗೆ ಕೊಡಬಹುದು. ಆಸ್ತಿ ತೆರಿಗೆಯ ಜೊತೆ ಪಾಲಿಕೆ ವಸೂಲು ಮಾಡುವ ಶೇ 3ರ ಭಿಕ್ಷುಕರ ಕರ ನಿರಾಶ್ರಿತರ ಪರಿಹಾರ ಕೇಂದ್ರಗಳ ವ್ಯವಸ್ಥೆಗೆ ಹೋಗುತ್ತದೆ. ಅದರಲ್ಲೊಂದು ಪಾಲನ್ನು ಈ ಬಾಡಿಗೆಗೆ ಬಿಡುವಂತೆ ಸರ್ಕಾರವನ್ನು ಕೇಳುವ ಠರಾವು ತಾವೇ ಮಂಡಿಸಬಹುದು.

ಹತ್ತರಲ್ಲಿ ಮೊದಲ ಎರಡು ಮನೆ ಧಾರವಾಡದಲ್ಲೇ ಆಗಲಿ, ಅಲ್ಲಿನ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಹತ್ತಿರ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 19ನೇ ಕಲಮಿನಂತೆ, ಮನೆಯಿಲ್ಲ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಬೀದಿಯಲ್ಲಿ ಸಿಕ್ಕವರನ್ನು ಪೊಲೀಸರು ಅಲ್ಲಿಗೆ ಸೇರಿಸುತ್ತಾರೆ, ವೈದ್ಯರು ಗುಣಪಡಿಸುತ್ತಾರೆ. ಬಿಡುಗಡೆ ಚೀಟಿಯಲ್ಲಿ ವಿಳಾಸ ಬರೆಯುವ ಜಾಗಕ್ಕೆ ಪಾಲಿಕೆಯ ಆ ಎರಡು ಮನೆಗಳ ನಂಬರು ಬೇಕಾಗಿದೆ.

ಇಂತಿ,
ನಗರ ವಸತಿ ಹಾಗೂ ಸಮಾಜಕಾರ್ಯ ಅಧ್ಯಯನದಲ್ಲಿ ತೊಡಗಿರುವವರು
ಹುಬ್ಬಳ್ಳಿ-ಧಾರವಾಡ