ಮಗಳಿಗೊಂದು ಪತ್ರ: ಕತ್ತಿನ ಮೇಲಿನ ಕಂದು ಗೆರೆ

ಪ್ರೀತಿಯ ಮಗಳೇ,

ನೀನು ಕಳಿಸಿದ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಕಿವಿಯ ಕೆಳಗೆ ಅಗಲವಾಗಿ ಶುರುವಾಗಿ, ಕತ್ತಿನ ಗುಂಟ ಸಣ್ಣಗಾಗುತ್ತ ಇಳಿದು, ಕೊನೆಯಲ್ಲಿ ಹನಿಯಂತೆ ನಿಂತಿರುವ ಆ ಕಂದು ಗೆರೆ ಕೊಳೆಯಲ್ಲ. ಉಜ್ಜಿದರೆ ಹೋಗುವುದೂ ಇಲ್ಲ. ನೀನು ಸಿಂಪಡಿಸಿಕೊಂಡ ಸೆಂಟು ಹರಿದ ದಾರಿ ಅದು. ಬಿಸಿಲು ಬಿದ್ದ ಮೇಲೆ ಕಣ್ಣಿಗೆ ಕಂಡಿದೆ.

ನಿನ್ನ ವಯಸ್ಸಿನಲ್ಲಿ ನನಗೂ ಮಣಿಕಟ್ಟಿನ ಮೇಲೆ ಹೀಗೆಯೇ ಆಗಿತ್ತು. ಯಾರೋ ಹೇಳಿದರೆಂದು ನಿಂಬೆಯ ಹೋಳಿನಿಂದ ಅದನ್ನು ತಿಕ್ಕಿ, ಒಣಗಲೆಂದು ಬಿಸಿಲಿನಲ್ಲೇ ಕುಳಿತೆ. ಎರಡು ದಿನಕ್ಕೆ ಚರ್ಮ ಕೆಂಪೇರಿ, ಸುಟ್ಟಂತೆ ಉರಿದು, ನೀರ್ಗುಳ್ಳೆಗಳೆದ್ದು, ಕಲೆ ಮೊದಲಿಗಿಂತ ಅಗಲವಾಯಿತು. ಕಾರಣ ತಿಳಿದದ್ದು ಎಷ್ಟೋ ಕಾಲದ ಮೇಲೆ. ಸೆಂಟಿಗೆ ಬೆರೆಸುವ ಬರ್ಗಮಾಟ್ ಎಣ್ಣೆಯೂ ನಿಂಬೆಜಾತಿಯ ಹಣ್ಣಿನ ಸಿಪ್ಪೆಯಿಂದಲೇ ಬರುತ್ತದೆ. ಅದರಲ್ಲಿರುವ ಬರ್ಗಾಪ್ಟೆನ್ ಎಂಬ ರಾಸಾಯನಿಕ ಮತ್ತು ಅದರ ಬಳಗದ ಫ್ಯುರೊಕೌಮರಿನ್‌ಗಳು ನಿಂಬೆಯಲ್ಲೂ ಇವೆ. ನಾನು ರೋಗಕ್ಕೆ ರೋಗವನ್ನೇ ಲೇಪಿಸಿದ್ದೆ.

ಈ ವಸ್ತುಗಳು ಬಿಸಿಲಿನ ಅತಿನೇರಳೆ ‘ಎ’ ಕಿರಣಗಳನ್ನು, ಅಂದರೆ 320ರಿಂದ 400 ನ್ಯಾನೊಮೀಟರ್ ಅಲೆಯುದ್ದದ ಬೆಳಕನ್ನು ಹೀರಿಕೊಂಡು ಚರ್ಮದ ಕೋಶಗಳನ್ನು ಘಾಸಿಗೊಳಿಸುತ್ತವೆ. ಉರಿ ಇಳಿದ ಮೇಲೆ ಅಲ್ಲಿ ಕಪ್ಪುಬಣ್ಣ ಶೇಖರಗೊಳ್ಳುತ್ತದೆ. ಕೆಲವರಿಗೆ ಉರಿಯೇ ಆಗದೆ ನೇರವಾಗಿ ಕಲೆ ಕಾಣಿಸುವುದುಂಟು. ಕೊಲೋನ್ ಎಂಬ ತೆಳು ಸೆಂಟು ಹಚ್ಚಿಕೊಂಡವರ ಇಂಥ ಕಲೆಗಳನ್ನು ವೈದ್ಯರು 1916ರಲ್ಲೇ ವಿವರಿಸಿದ್ದರು. ಇದು ಅಲರ್ಜಿಯಲ್ಲವಾದ್ದರಿಂದ, ಸಾಕಷ್ಟು ಎಣ್ಣೆ ಮತ್ತು ಸಾಕಷ್ಟು ಬಿಸಿಲು ಕೂಡಿದರೆ ಯಾರಿಗಾದರೂ, ಮೊದಲ ಸಲಕ್ಕೇ ಆಗಬಹುದು. ಹಾಗಾಗಿ ‘ನೈಸರ್ಗಿಕ’ ಎಂಬ ಚೀಟಿಯನ್ನು ನಂಬಿ ನಿಶ್ಚಿಂತಳಾಗಬೇಡ.

ಆದರೆ ತುರಿಕೆ ಜೋರಾಗಿ, ಗಂಧೆಗಳು ಸೆಂಟು ತಾಗದ ಜಾಗಕ್ಕೂ ಹರಡಿದರೆ ವಿಷಯ ಬೇರೆ. ಆಗ ದೇಹದ ರಕ್ಷಣಾ ವ್ಯವಸ್ಥೆಯೇ ಆ ಸುಗಂಧದ ವಿರುದ್ಧ ತಿರುಗಿಬಿದ್ದಿರಬಹುದು. ಅದಕ್ಕೆ ಚರ್ಮವೈದ್ಯರು ಅನುಮಾನದ ವಸ್ತುಗಳನ್ನು ಬೆನ್ನಿನ ಮೇಲೆ ಎರಡು ಸಾಲಾಗಿ ಅಂಟಿಸಿ, ಒಂದು ಸಾಲಿಗೆ ಮಾತ್ರ ಅತಿನೇರಳೆ ಬೆಳಕು ಕೊಟ್ಟು, ಎರಡನ್ನೂ ಹೋಲಿಸಿ ನೋಡುತ್ತಾರೆ. ಅಂಥ ಲಕ್ಷಣ ಕಂಡರೆ ಕಾಯದೆ ಅವರ ಬಳಿಗೆ ಹೋಗು.

ಈಗಿನ ಕಲೆ ಮಾಸಲು ತಿಂಗಳುಗಳೇ ಬೇಕಾಗಬಹುದು. ಬಣ್ಣ ತಿಳಿಯಾಗಿಸುವ ಕ್ರೀಮುಗಳನ್ನು ನೀನೇ ತಂದು ಹಚ್ಚಿಕೊಳ್ಳಬೇಡ. ಕತ್ತನ್ನು ಬಟ್ಟೆಯಿಂದ ಮುಚ್ಚು, ಇಲ್ಲವೇ ಪರಿಮಳವಿಲ್ಲದ ಸನ್‌ಸ್ಕ್ರೀನ್ ಹಚ್ಚು. ಈ ಕಿರಣಗಳು ಸಾಮಾನ್ಯ ಕಿಟಕಿಯ ಗಾಜನ್ನೂ ದಾಟಿ ಬರುವುದರಿಂದ, ಕಿಟಕಿಯ ಪಕ್ಕ ಕೂರುವಾಗಲೂ ಎಚ್ಚರವಿರಲಿ. ಆಸೆಪಟ್ಟು ಕೊಂಡ ಸೀಸೆಯನ್ನು ಎಸೆಯಬೇಕಿಲ್ಲ. ಹೊರಗೆ ಹೊರಡುವಾಗ ಕತ್ತಿಗೆ ಬದಲು ಬಟ್ಟೆಗೆ ಸಿಂಪಡಿಸಿಕೋ. ಹದಿನೈದು ದಿನ ಬಿಟ್ಟು ಅದೇ ಬೆಳಕಿನಲ್ಲಿ ಇನ್ನೊಂದು ಚಿತ್ರ ತೆಗೆದು ಕಳಿಸು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುತ್ತೇನೆ.

ನಿನ್ನ ಅಮ್ಮ